ಆಸ್ಪತ್ರೆಯ ಅಂಕಪಟ್ಟಿ

ನಮ್ಮ ಚಿಕ್ಕಮ್ಮನಿಗೆ ಹೋದ ವರ್ಷ ಗರ್ಭಕೋಶದ ಆಪರೇಷನ್ ಆಯಿತು. ಐದು ದಿನಕ್ಕೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ನಾಲ್ಕನೆಯ ದಿನ ಸಂಜೆ ಚಳಿ ಹಿಡಿದು ಜ್ವರ ಬಂತು. ಮರುದಿನ ಹೊಲಿಗೆಯ ಸುತ್ತ ಕೆಂಪಾಗಿ ಊದಿಕೊಂಡು ಕೀವು ಕಟ್ಟಿತು. ಐದು ದಿನ ಹೋಗಿ ಇಪ್ಪತ್ತಾರು ದಿನವಾಯಿತು. ಚಿಕ್ಕಪ್ಪ ಎರಡು ಸಲ ಬ್ಯಾಂಕಿಗೆ ಹೋಗಿ ಠೇವಣಿ ಮುರಿಸಿಕೊಂಡು ಬಂದರು.

'ಅಮ್ಮನಿಗೆ ಶುಗರ್ ಇದೆಯಲ್ಲ, ಅದಕ್ಕೇ ಹೀಗಾಗಿದೆ' ಎಂದರು ಡಾಕ್ಟರು. ಶುಗರ್ ಇದ್ದದ್ದು ನಿಜ. ಆದರೆ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ ಚಿಕ್ಕಮ್ಮನ ಮಗಳು ಅಷ್ಟಕ್ಕೇ ಬಿಡಲಿಲ್ಲ. 'ಡಾಕ್ಟ್ರೇ, ನಿಮ್ಮಲ್ಲಿ ಹೀಗೆ ಎಷ್ಟು ಜನಕ್ಕೆ ಆಗತ್ತೆ?' ಎಂದು ಕೇಳಿದಳು. 'ಎಲ್ಲಾ ಕಡೆ ಆಗತ್ತಮ್ಮ' ಎಂದು ಉತ್ತರ ಬಂತು. 'ಎಲ್ಲಾ ಕಡೆ ಅಲ್ಲ ಸರ್, ಇಲ್ಲಿ ನೂರು ಆಪರೇಷನ್ ಆದ್ರೆ ಎಷ್ಟು ಜನಕ್ಕೆ ಅಂತ.' ಚಿಕ್ಕಪ್ಪ ಕಣ್ಣಲ್ಲೇ ಸುಮ್ಮನಿರು ಎಂದರು. ಹೆಂಡತಿ ಇನ್ನೂ ಅವರ ಕೈಯಲ್ಲಿದ್ದಾಳೆ, ಈಗ ಇದೆಲ್ಲ ಯಾಕೆ ಎಂಬ ಅಂಜಿಕೆ. ಆ ಅಂಜಿಕೆ ಯಾರಿಗಿರುವುದಿಲ್ಲ ಹೇಳಿ?

ನೋಡಲು ಬಂದವರಿಗೆ ಮಾತ್ರ ಎಲ್ಲ ಗೊತ್ತಿತ್ತು. 'ಅಯ್ಯೋ, ಅಲ್ಲಿಗ್ಯಾಕೆ ಸೇರಿಸಿದಿರಿ, ನಮ್ಮ ನಾದಿನಿಗೂ ಅಲ್ಲಿ ಹೀಗೇ ಆಗಿತ್ತು' ಎಂದರು ಒಬ್ಬರು. 'ಇಡೀ ಜಿಲ್ಲೆಗೇ ಅದು ಒಳ್ಳೆ ಆಸ್ಪತ್ರೆ' ಎಂದರು ಅದೇ ಮಧ್ಯಾಹ್ನ ಎಳನೀರು ತಂದ ಇನ್ನೊಬ್ಬರು. ಊರಿನಲ್ಲಿ ಸುದ್ದಿಗೆ ಬರವಿಲ್ಲ. ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ.

ಈ ವಾರ ಬರೆಯಹೊರಟಿರುವುದು ಆ ಹುಡುಗಿಯ ಪ್ರಶ್ನೆಯನ್ನು ಕುರಿತೇ. ಆಸ್ಪತ್ರೆಗೆ ಬರುವಾಗ ಇಲ್ಲದೆ, ಬಂದ ಮೇಲೆ ಅಲ್ಲೇ ಅಂಟಿಕೊಂಡ ಸೋಂಕು ಎಷ್ಟು ಜನರನ್ನು ಕಾಡುತ್ತದೆ ಎಂಬುದನ್ನು ಆಸ್ಪತ್ರೆಗಳು ಎಣಿಸಬೇಕೆ? ಎಣಿಸಿದರೆ ಅದನ್ನು ನಮಗೂ ನಿಮಗೂ ಹೇಳಬೇಕೆ?

ಸಾಮಾನ್ಯವಾಗಿ ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಆಸ್ಪತ್ರೆಯ ಲೆಕ್ಕಕ್ಕೆ ಹಾಕುತ್ತಾರೆ. ಅದು ಒಳಹೊಗುವ ದಾರಿಗಳು ಮುಖ್ಯವಾಗಿ ನಾಲ್ಕು: ಆಪರೇಷನ್ನಿನ ಗಾಯ, ಮೂತ್ರಕ್ಕೆ ಹಾಕಿದ ನಳಿಕೆ, ದೊಡ್ಡ ರಕ್ತನಾಳಕ್ಕೆ ತೂರಿಸಿದ ನಳಿಕೆ, ಉಸಿರಾಟದ ಯಂತ್ರದ ಕೊಳವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ನೂರು ಒಳರೋಗಿಗಳಲ್ಲಿ 7 ಮಂದಿಗೆ, ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಇಂಥ ಒಂದಾದರೂ ಸೋಂಕು ತಗಲುತ್ತದೆ. ಡಾಕ್ಟರು 'ಎಲ್ಲಾ ಕಡೆ ಆಗತ್ತೆ' ಎಂದದ್ದು ಸುಳ್ಳಲ್ಲ. ಆದರೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ವಿಷಯ ಇರುವುದು ಅಲ್ಲೇ.

ಈ ಸಂಗತಿ ಮೊದಲು ಗೊತ್ತಾದದ್ದು ಬಡ ಬಸುರಿಯರಿಗೆ ಎಂದರೆ ನಿಮಗೆ ಆಶ್ಚರ್ಯವಾದೀತು. ಸುಮಾರು ನೂರ ಎಂಬತ್ತು ವರ್ಷಗಳ ಹಿಂದೆ ಆಸ್ಟ್ರಿಯದ ರಾಜಧಾನಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಒಂದನೆಯದರಲ್ಲಿ ಡಾಕ್ಟರುಗಳೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಒಂದು ದಿನ ಬಂದವರನ್ನು ಒಂದನೆಯದಕ್ಕೆ, ಮಾರನೆಯ ದಿನ ಬಂದವರನ್ನು ಎರಡನೆಯದಕ್ಕೆ ಸೇರಿಸಿಕೊಳ್ಳುವುದು ಪದ್ಧತಿ. ಒಂದನೆಯ ವಿಭಾಗದ ದಿನ ನೋವು ಬಂದ ಹೆಂಗಸರು ಮಂಡಿಯೂರಿ ಕೈಮುಗಿದು 'ನಮ್ಮನ್ನು ಇಲ್ಲಿಗೆ ಸೇರಿಸಬೇಡಿ' ಎಂದು ಬೇಡಿಕೊಳ್ಳುತ್ತಿದ್ದರಂತೆ. ದಾರಿಯಲ್ಲೇ ಹೆರಿಗೆಯಾದರೆ ಅದೇ ವಾಸಿ ಎಂದುಕೊಂಡವರೂ ಇದ್ದರು. ತಮಾಷೆಯೆಂದರೆ, ಅಲ್ಲ, ತಮಾಷೆ ಎನ್ನಬಾರದು, ಅವರ ಎಣಿಕೆ ಸರಿಯಾಗಿಯೇ ಇತ್ತು. ದಾರಿಯಲ್ಲಿ ಹೆತ್ತು ಬಂದವರಿಗೆ ಬಾಣಂತಿ ನಂಜು ಆಗುತ್ತಿದ್ದುದು ಕಡಿಮೆ.

1846ರಲ್ಲಿ ಒಂದನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಎರಡನೆಯದರಲ್ಲಿ 3,754 ಹೆರಿಗೆಗಳಿಗೆ ಸತ್ತವರು 105. ಅಂದರೆ ಒಂದು ಕಡೆ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು, ಗೋಡೆಯಾಚೆ ಮೂರಕ್ಕೂ ಕಡಿಮೆ. ಈ ಅಂಕಿಗಳು ಆಸ್ಪತ್ರೆಯ ದಫ್ತರದಲ್ಲೇ ಇದ್ದವು. ವಿಚಾರಣಾ ಸಮಿತಿಯೂ ಕೂತಿತ್ತು. ವಿದೇಶದಿಂದ ಬಂದ ವಿದ್ಯಾರ್ಥಿಗಳು ಒರಟಾಗಿ ಪರೀಕ್ಷೆ ಮಾಡುವುದೇ ಕಾರಣ ಎಂದು ಅದು ತೀರ್ಮಾನಿಸಿತು. ಸಮಿತಿಗಳ ಬುದ್ಧಿ ಯಾವ ದೇಶದಲ್ಲಾದರೂ ಒಂದೇ.

ಆ ದಫ್ತರವನ್ನು ಬಿಡದೆ ಓದಿದವನು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ಕಿರಿಯ ವೈದ್ಯ. 1847ರಲ್ಲಿ ಅವನ ಗೆಳೆಯ, ಪ್ರೊಫೆಸರ್ ಕೊಲೆಚ್ಕಾ, ಶವಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ತಗಲಿ ನಂಜೇರಿ ಸತ್ತ. ಅವನ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರ ದೇಹದಲ್ಲಿ ಕಂಡವುಗಳಂತೆಯೇ ಇದ್ದವು. ಡಾಕ್ಟರುಗಳು ಬೆಳಿಗ್ಗೆ ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಹೆಣ ಕೊಯ್ಯುವ ಕೆಲಸವಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಸೆಮ್ಮೆಲ್‌ವೈಸ್ ಹೆರಿಗೆ ಕೋಣೆಯ ಬಾಗಿಲಲ್ಲಿ ಒಂದು ಬೋಗುಣಿ ಇಡಿಸಿದ. ಅದರಲ್ಲಿದ್ದುದು ಕ್ಲೋರಿನ್ ಸುಣ್ಣದ ನೀರು, ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ನೀರು. ಕೈ ತೊಳೆಯದವರಿಗೆ ಒಳಗೆ ಪ್ರವೇಶವಿಲ್ಲ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. 1848ರ ಇಡೀ ವರ್ಷದಲ್ಲಿ 3,556 ಹೆರಿಗೆಗಳಿಗೆ ಸತ್ತವರು 45 ಮಂದಿ.

ಮುಂದಿನ ಕಥೆ ಪಾಠಪುಸ್ತಕಗಳಲ್ಲಿದೆ. ಹಿರಿಯರು ಅವನನ್ನು ನಂಬಲಿಲ್ಲ, ಅವನೂ ಅವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಜರೆದ, 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ. ಕೈ ತೊಳೆಯುವುದು ಅವನಿಗೆ ಹೊಳೆದದ್ದು ಕೊಲೆಚ್ಕಾ ಸತ್ತ ಮೇಲೆ. ಆದರೆ ಎರಡು ವಾರ್ಡುಗಳ ಲೆಕ್ಕ ಪಕ್ಕಪಕ್ಕದಲ್ಲಿ ಇಲ್ಲದಿದ್ದರೆ, ವಿವರಿಸಬೇಕಾದ ವ್ಯತ್ಯಾಸವೊಂದು ಇದೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ಹಾಗಾದರೆ ಅಂಕಿಗಳನ್ನೆಲ್ಲ ಗೋಡೆಗೆ ಅಂಟಿಸಿಬಿಟ್ಟರೆ ಆಯಿತೆ? ಅಷ್ಟು ಸುಲಭವಲ್ಲ. ಸಾಕ್ಷಾತ್ ಫ್ಲಾರೆನ್ಸ್ ನೈಟಿಂಗೇಲ್ ಇಲ್ಲಿ ಎಡವಿದ್ದರು. ದೀಪ ಹಿಡಿದ ದಾದಿಯೆಂದೇ ಮಕ್ಕಳಿಗೆ ಪರಿಚಯವಾಗಿರುವ ಆಕೆ ಒಳ್ಳೆಯ ಸಂಖ್ಯಾಶಾಸ್ತ್ರಜ್ಞೆ. ಇಂಗ್ಲೆಂಡಿನ ಆಸ್ಪತ್ರೆಗಳೆಲ್ಲ ಒಂದೇ ನಮೂನೆಯಲ್ಲಿ ಸಾವುನೋವಿನ ಲೆಕ್ಕ ಇಡಬೇಕು, ಪ್ರಕಟಿಸಬೇಕು ಎಂದು ಹಟ ಹಿಡಿದವರು. 1863ರಲ್ಲಿ ಆಸ್ಪತ್ರೆಗಳ ಬಗೆಗಿನ ತಮ್ಮ ಪುಸ್ತಕದ ಮೂರನೆಯ ಮುದ್ರಣದಲ್ಲಿ ಅವರು ಒಂದು ಪಟ್ಟಿ ಕೊಟ್ಟರು. ಲಂಡನ್ನಿನ 24 ಆಸ್ಪತ್ರೆಗಳಲ್ಲಿ 1861ರ ಸಾವಿನ ಪ್ರಮಾಣ ನೂರಕ್ಕೆ 90.84 ಎಂದು ಅದರಲ್ಲಿತ್ತು!

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಪೆನ್ಸಿಲ್ ಹಿಡಿಯಿರಿ. ಆ ವರ್ಷ ಅಷ್ಟೂ ಆಸ್ಪತ್ರೆಗಳಲ್ಲಿ ಸತ್ತವರು 3,828. ಇದನ್ನು ಭಾಗಿಸಿದ್ದು ಏಪ್ರಿಲ್ 8ರ ಒಂದು ದಿನ ಹಾಸಿಗೆಯಲ್ಲಿದ್ದ 4,214 ರೋಗಿಗಳಿಂದ. ಮೇಲಿನದು ವರ್ಷದ ಲೆಕ್ಕ, ಕೆಳಗಿನದು ದಿನದ ಲೆಕ್ಕ. ಒಂದು ಹಾಸಿಗೆಯಲ್ಲಿ ವರ್ಷಕ್ಕೆ ಹತ್ತು ಜನ ಬಂದು ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಆಗ ಛೇದ 42,140 ಆಗುತ್ತದೆ, ಸಾವಿನ ಪ್ರಮಾಣ ನೂರಕ್ಕೆ 9ಕ್ಕೆ ಇಳಿಯುತ್ತದೆ. ವೈದ್ಯ ಪತ್ರಿಕೆಗಳು ಸುಮ್ಮನಿರುತ್ತವೆಯೆ? ನೈಟಿಂಗೇಲರ ಮೇಲೆ ಹರಿಹಾಯ್ದವು. ಅವು ಹೇಳಿದ್ದರಲ್ಲಿ ಅರ್ಥವೂ ಇತ್ತು. ಅಂಶ ಎಷ್ಟೇ ನಿಜವಿರಲಿ, ಛೇದ ತಪ್ಪಿದರೆ ಭಿನ್ನರಾಶಿ ಸುಳ್ಳಾಗುತ್ತದೆ.

ಆ ಕಾರಣಕ್ಕೇ ಇಂದು ರಕ್ತನಾಳದ ನಳಿಕೆಯ ಸೋಂಕನ್ನು ರೋಗಿಗಳ ಸಂಖ್ಯೆಯಿಂದ ಅಳೆಯುವುದಿಲ್ಲ, 'ನಳಿಕೆ ದಿನ'ಗಳಿಂದ ಅಳೆಯುತ್ತಾರೆ. ಹತ್ತು ರೋಗಿಗಳಿಗೆ ಐದೈದು ದಿನ ನಳಿಕೆ ಇದ್ದರೆ 50 ನಳಿಕೆ ದಿನಗಳು. ಅಂಥ ಸಾವಿರ ದಿನಗಳಿಗೆ ಎಷ್ಟು ಸೋಂಕು ಎಂದು ಹೇಳಿದಾಗ ಮಾತ್ರ ನೂರು ಹಾಸಿಗೆಯ ಆಸ್ಪತ್ರೆಯನ್ನು ಸಾವಿರ ಹಾಸಿಗೆಯದರ ಪಕ್ಕದಲ್ಲಿ ಇಟ್ಟು ನೋಡಬಹುದು.

ಈಗ ನಮ್ಮ ಕಾಲಕ್ಕೆ ಬರೋಣ. ಒಂದು ದೇಶದ ಸರ್ಕಾರವೇ ಆಸ್ಪತ್ರೆಯ ಹೆಸರು ಹಿಡಿದು ಲೆಕ್ಕ ಹೊರಗಿಟ್ಟ ದೊಡ್ಡ ಪ್ರಯೋಗ ಮತ್ತೆ ಇಂಗ್ಲೆಂಡಿನದೇ. ಅಲ್ಲಿ ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯ ತಲೆನೋವಾಗಿತ್ತು. ಅನೇಕರ ಮೂಗಿನಲ್ಲಿ ತಣ್ಣಗೆ ಕೂತಿರುವ ಸ್ಟ್ಯಾಫಿಲೊಕಾಕಸ್‌ನ ಮೊಂಡು ತಳಿ ಅದು, ಮೆಥಿಸಿಲಿನ್ ವರ್ಗದ ಔಷಧಿಗಳಿಗೆ ಬಗ್ಗುವುದಿಲ್ಲ. ಗಾಯದಲ್ಲೋ ನಳಿಕೆಯಲ್ಲೋ ದಾರಿ ಸಿಕ್ಕಿ ರಕ್ತಕ್ಕೆ ಇಳಿದರೆ ಪ್ರಾಣಕ್ಕೆ ಸಂಚಕಾರ. 2001ರ ಏಪ್ರಿಲ್‌ನಿಂದ, ರಕ್ತದಲ್ಲಿ ಈ ಬ್ಯಾಕ್ಟೀರಿಯ ಸಿಕ್ಕ ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಿ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಯಿತು. ಯಾವ ಆಸ್ಪತ್ರೆ, ಎಷ್ಟು ಎಂಬುದು ಪತ್ರಿಕೆಗಳಿಗೂ ಸಿಕ್ಕಿತು.

ಮೊದಲ ವರ್ಷದ ಪ್ರಕರಣಗಳು 7,291. ಎರಡನೆಯ ವರ್ಷ 7,426. ಮೂರನೆಯ ವರ್ಷ 7,700. ಗಮನಿಸಿದಿರಾ? ಪ್ರಕಟಿಸಿದ್ದೇ ಪ್ರಕಟಿಸಿದ್ದು, ಸೋಂಕು ಇಳಿಯಲಿಲ್ಲ, ಏರಿತು. ನಾಚಿಕೆಯೊಂದರಿಂದಲೇ ಆಸ್ಪತ್ರೆಗಳು ಸರಿಹೋಗುತ್ತವೆ ಎಂದು ನಂಬಿದ್ದವರಿಗೆ ಇದು ಪೆಟ್ಟು. 2004ರ ನವೆಂಬರ್‌ನಲ್ಲಿ ಸರ್ಕಾರ ಗುರಿ ಹಾಕಿತು: 2008ರ ಹೊತ್ತಿಗೆ ಇದು ಅರ್ಧಕ್ಕೆ ಇಳಿಯಬೇಕು. ಆಸ್ಪತ್ರೆಯ ಮುಖ್ಯಾಧಿಕಾರಿಯೇ ಅದಕ್ಕೆ ಉತ್ತರ ಹೇಳಬೇಕಾಯಿತು. ಪ್ರತಿ ಹಾಸಿಗೆಯ ಬಳಿ ಕೈಗೆ ಹಚ್ಚುವ ಸ್ಪಿರಿಟ್ ದ್ರಾವಣ ಬಂತು. ಹಿಂದೆ ಬಿದ್ದ ಆಸ್ಪತ್ರೆಗಳಿಗೆ ತಜ್ಞರ ತಂಡಗಳು ಹೋದವು. ವೈದ್ಯರು ವಾರ್ಡಿನಲ್ಲಿ ಮೊಣಕೈಯಿಂದ ಕೆಳಗೆ ಏನನ್ನೂ ಧರಿಸಬಾರದು ಎಂದು 2007ರಲ್ಲಿ ಹೇಳಿದರು. ವಾಚು, ಉಂಗುರ, ಉದ್ದ ತೋಳಿನ ಬಿಳಿ ಕೋಟು, ನೇತಾಡುವ ಟೈ ಎಲ್ಲ ಹೋದವು. ನಮ್ಮಲ್ಲಿ ಡಾಕ್ಟರ ಗೌರವವೆಲ್ಲ ಇರುವುದೇ ಆ ಕೋಟಿನಲ್ಲಿ! 2012-13ರಲ್ಲಿ ಇಡೀ ಇಂಗ್ಲೆಂಡಿನಲ್ಲಿ ಸಿಕ್ಕ ಪ್ರಕರಣಗಳು 924.

ಇದರಲ್ಲಿ ಎಷ್ಟು ಪಾಲು ಲೆಕ್ಕ ಪ್ರಕಟಿಸಿದ್ದರದು, ಎಷ್ಟು ಪಾಲು ಗುರಿಯದು, ಎಷ್ಟು ಆ ಸ್ಪಿರಿಟ್ಟಿನದು ಎಂದು ಬಿಡಿಸಿ ಹೇಳುವುದು ಕಷ್ಟ. ಸಂಶೋಧಕರಲ್ಲೂ ಒಮ್ಮತವಿಲ್ಲ. ನನ್ನ ಅನಿಸಿಕೆ ಇಷ್ಟು: ಲೆಕ್ಕ ಮೊದಲೇ ಬಯಲಲ್ಲಿದ್ದುದರಿಂದ ಗುರಿ ಹಾಕಿದಾಗ ಯಾರೂ ನುಣುಚಿಕೊಳ್ಳಲಾಗಲಿಲ್ಲ. ಅದು ಬೀರುವಿನೊಳಗೆ ಇದ್ದಿದ್ದರೆ, ಅರ್ಧ ಎಂದರೆ ಯಾವುದರ ಅರ್ಧ ಎಂಬ ಚರ್ಚೆಯಲ್ಲೇ 2008 ಕಳೆದುಹೋಗುತ್ತಿತ್ತು.

ಆಕ್ಷೇಪ ಎತ್ತುವವರ ಮಾತನ್ನೂ ಕೇಳಬೇಕು. ಪಾಲಕರಿಗೆ ಅರ್ಥವಾಗುವ ಹೋಲಿಕೆ ಕೊಡುತ್ತೇನೆ. 'ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ' ಎಂದು ಬ್ಯಾನರ್ ಕಟ್ಟಿಸುವ ಶಾಲೆಗಳನ್ನು ನೀವು ಕಂಡಿದ್ದೀರಿ. ಅವುಗಳಲ್ಲಿ ಕೆಲವು ಆ ನೂರನ್ನು ಗಳಿಸುವ ಬಗೆಯೂ ನಿಮಗೆ ಗೊತ್ತು. ಪಾಸಾಗುವುದು ಅನುಮಾನ ಎನಿಸಿದ ಮಕ್ಕಳನ್ನು ಒಂಬತ್ತರಲ್ಲೇ ಕೂರಿಸುತ್ತಾರೆ, ಇಲ್ಲವೇ ಟಿ.ಸಿ. ಕೈಗಿಟ್ಟು ಕಳಿಸುತ್ತಾರೆ, ಇಲ್ಲವೇ ಖಾಸಗಿಯಾಗಿ ಪರೀಕ್ಷೆ ಕಟ್ಟಿಸುತ್ತಾರೆ. ಆಸ್ಪತ್ರೆಯೂ ಹಾಗೆ ಮಾಡಬಹುದು. ಸಕ್ಕರೆ ಕಾಯಿಲೆಯ ಮುದುಕರನ್ನು 'ನಮ್ಮಲ್ಲಿ ಸೌಲಭ್ಯವಿಲ್ಲ' ಎಂದು ಇನ್ನೊಂದು ಕಡೆಗೆ ಸಾಗಹಾಕಬಹುದು. ಇನ್ನೂ ಸುಲಭದ ಉಪಾಯವಿದೆ. ಜ್ವರ ಬಂದವರ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳಿಸದಿದ್ದರೆ ಆಯಿತು. ಹುಡುಕದ ಸೋಂಕು ಸಿಕ್ಕುವುದಿಲ್ಲ, ಸಿಕ್ಕದ್ದು ಪಟ್ಟಿಗೆ ಬರುವುದಿಲ್ಲ. ಪ್ರತಿಯೊಬ್ಬರ ರಕ್ತವನ್ನೂ ಪ್ರಾಮಾಣಿಕವಾಗಿ ಪರೀಕ್ಷಿಸುವ ಆಸ್ಪತ್ರೆಯೇ ಪಟ್ಟಿಯಲ್ಲಿ ಕೆಟ್ಟದಾಗಿ ಕಾಣಿಸುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ 2006ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಆಸ್ಪತ್ರೆವಾರು ಪಟ್ಟಿ ಹೊರಡಿಸಿತು. ಹಿಂದಿನ ವರ್ಷ 19,154 ರೋಗಿಗಳಿಗೆ ಆಸ್ಪತ್ರೆಯಲ್ಲೇ ಸೋಂಕಾಗಿತ್ತು ಎಂದು ಅದರಲ್ಲಿತ್ತು. ಇಂಥ ಪಟ್ಟಿ ಬಂದಾಗಲೆಲ್ಲ ದೊಡ್ಡ ಆಸ್ಪತ್ರೆಗಳು ಹೇಳುವ ಮಾತು ಒಂದೇ: 'ಬೇರೆಯವರು ಕೈಬಿಟ್ಟವರು ನಮ್ಮಲ್ಲಿಗೆ ಬರುತ್ತಾರೆ.' ನೆಪ ಎಂದು ತಳ್ಳಿಹಾಕುವಂತಿಲ್ಲ. ಬೇರೆ ಬೇರೆ ಬಗೆಯ ರೋಗಿಗಳ ಲೆಕ್ಕವನ್ನು ಬೇರೆ ಬೇರೆಯಾಗಿಯೇ ತೂಗಿ ನೋಡುವ ಪದ್ಧತಿ ಬೇಕು, ಅಂಥವು ಈಗ ಇವೆ ಕೂಡ.

ಇನ್ನೊಂದು ಉದಾಹರಣೆ ನನ್ನ ವಾದಕ್ಕೆ ಸ್ವಲ್ಪ ಅಡ್ಡವೇ ಬರುತ್ತದೆ, ಆದರೂ ಹೇಳುತ್ತೇನೆ. ಅದೇ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೋಸ್ಟ್ ಎಂಬ ವೈದ್ಯರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ರಕ್ತನಾಳದ ನಳಿಕೆಯ ಸೋಂಕನ್ನು ತಗ್ಗಿಸಲು ಹೊರಟವು. ಮಾಡಿದ್ದು ಐದೇ ಕೆಲಸ. ಕೈ ತೊಳೆಯುವುದು, ನಳಿಕೆ ಹಾಕುವಾಗ ರೋಗಿಗೂ ವೈದ್ಯರಿಗೂ ಪೂರ್ತಿ ಹೊದಿಕೆ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್, ಸಾಧ್ಯವಾದಷ್ಟೂ ತೊಡೆಸಂದಿಯಲ್ಲಿ ನಳಿಕೆ ಹಾಕದಿರುವುದು, ಬೇಡವಾದ ಕೂಡಲೇ ಅದನ್ನು ತೆಗೆಯುವುದು. ವೈದ್ಯರು ಒಂದನ್ನು ಮರೆತರೂ 'ನಿಲ್ಲಿಸಿ' ಎನ್ನುವ ಅಧಿಕಾರವನ್ನು ನರ್ಸಿಗೆ ಕೊಟ್ಟರು. ಸಾವಿರ ನಳಿಕೆ ದಿನಗಳಿಗೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದೊಳಗೆ 1.4ಕ್ಕೆ ಇಳಿಯಿತು. 2006ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಇಲ್ಲಿ ಊರಿಗೆಲ್ಲ ಡಂಗುರ ಹೊಡೆದಿರಲಿಲ್ಲ. ಪ್ರತಿ ಐಸಿಯುವಿನವರಿಗೂ ತಮ್ಮ ತಮ್ಮ ಲೆಕ್ಕ ತಪ್ಪದೆ ತಲುಪುತ್ತಿತ್ತು, ಅಷ್ಟೆ. ಹೀಗಾಗಿ, ಕೆಲಸ ಮಾಡುವವರ ಕಣ್ಣಿಗೆ ಬಿದ್ದರೆ ಸಾಕು, ಪತ್ರಿಕೆಯವರಿಗೇಕೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ: ಉತ್ಸಾಹ ಇರುವಷ್ಟು ದಿನ ಅದು ಸಾಕು. ಉತ್ಸಾಹಿ ವೈದ್ಯರು ವರ್ಗವಾಗಿ ಹೋದ ಮೇಲೆ?

ನಮ್ಮ ದೇಶದಲ್ಲಿ ಎಣಿಸುವ ಕೆಲಸವೇನೋ ಶುರುವಾಗಿದೆ. ದೆಹಲಿಯ ಏಮ್ಸ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ ಜಾಲದ ಮೊದಲ ದೊಡ್ಡ ವರದಿ 2022ರಲ್ಲಿ ಬಂತು. 26 ಆಸ್ಪತ್ರೆಗಳ 89 ಐಸಿಯುಗಳು 2017ರ ಮೇ ತಿಂಗಳಿಂದ 2018ರ ಅಕ್ಟೋಬರ್‌ವರೆಗೆ ಒಂದೇ ನಮೂನೆಯಲ್ಲಿ ಲೆಕ್ಕ ಇಟ್ಟಿದ್ದವು. ಎದೆ ಝಲ್ಲೆನ್ನಿಸುವ ಅಂಕಿ ನವಜಾತ ಶಿಶುಗಳದು. ಅವುಗಳ ಐಸಿಯುಗಳಲ್ಲಿ ಸಾವಿರ ನಳಿಕೆ ದಿನಗಳಿಗೆ 20ಕ್ಕೂ ಹೆಚ್ಚು ರಕ್ತದ ಸೋಂಕು. ಮಿಶಿಗನ್ನಿನವರು 7.7ನ್ನೇ ಹೆಚ್ಚಾಯಿತೆಂದು ಕೆಲಸಕ್ಕೆ ಇಳಿದಿದ್ದರು. ಅವು ದೊಡ್ಡವರ ಐಸಿಯುಗಳು, ಇವು ಎಳೆ ಕೂಸುಗಳದ್ದು, ನೇರ ಹೋಲಿಕೆ ಸಲ್ಲದು. ಆದರೂ ಮನಸ್ಸು ಹೋಲಿಸದೆ ಬಿಡುವುದಿಲ್ಲ. ಈ ಅಂಕಿಗಳೆಲ್ಲ ಒಟ್ಟುಗೂಡಿಸಿದವು. ಯಾವ ಆಸ್ಪತ್ರೆಯಲ್ಲಿ ಎಷ್ಟು ಎಂಬುದು ನಿಮಗೂ ನನಗೂ ಅದರಿಂದ ತಿಳಿಯುವುದಿಲ್ಲ. ಹಾಗೆಂದು ಆ 26 ಆಸ್ಪತ್ರೆಗಳನ್ನು ದೂರುವುದು ತಪ್ಪು. ಅವು ಎಣಿಸಿದವು. ಎಣಿಸದೇ ಇರುವವರ ಲೆಕ್ಕ ಸದಾ ಸೊನ್ನೆಯೇ.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು, 2017ರಲ್ಲಿ ಭಾರಿ ಗದ್ದಲದ ನಡುವೆ ತಿದ್ದುಪಡಿಯಾಯಿತು. ಶುಲ್ಕದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದು ಅದು ಹೇಳುತ್ತದೆ. ಹೆರಿಗೆಗೆ ಇಷ್ಟು, ಅಪೆಂಡಿಕ್ಸ್‌ಗೆ ಇಷ್ಟು. ಒಳ್ಳೆಯದೇ. ಅದೇ ಗೋಡೆಯ ಮೇಲೆ ಇನ್ನೊಂದು ಸಾಲಿಗೆ ಜಾಗವಿದೆ: ಹೋದ ಮೂರು ತಿಂಗಳಲ್ಲಿ ನಮ್ಮಲ್ಲಾದ ಇಷ್ಟು ಸಿಸೇರಿಯನ್‌ಗಳಲ್ಲಿ ಇಷ್ಟು ಗಾಯಗಳಿಗೆ ಸೋಂಕಾಯಿತು. ಮೊದಲ ವರ್ಷ ಸುಳ್ಳು ಬರೆದಾರು, ಎರಡನೆಯ ವರ್ಷ ಅನುಮಾನದಿಂದ ಬರೆದಾರು. ಯಾರಾದರೂ ಮಧ್ಯೆ ಬಂದು ದಫ್ತರ ತಪಾಸಣೆ ಮಾಡುತ್ತಾರೆ ಎಂದಾದರೆ ಮೂರನೆಯ ವರ್ಷಕ್ಕೆ ಸರಿಹೋದೀತು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ನಮ್ಮ ವಾರ್ಡುಗಳಲ್ಲಿ ಅರ್ಧ ಶುಶ್ರೂಷೆ ಮಾಡುವವರು ಮನೆಯವರೇ ತಾನೆ? ರೋಗಿಯನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಾಸಿಗೆಯ ಮೇಲೆ ಸಾಲಾಗಿ ಕೂತು ಹರಟೆ ಹೊಡೆಯಬೇಡಿ. ಬೆಳಿಗ್ಗೆ ರೌಂಡ್ಸಿಗೆ ಬಂದವರನ್ನು 'ಮೂತ್ರದ ಪೈಪು ಇನ್ನೂ ಬೇಕಾ ಸರ್?' ಎಂದು ಕೇಳಿ. ಈ ಪ್ರಶ್ನೆಗೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟಾಗುವುದಿಲ್ಲ. ಎಷ್ಟೋ ಸಲ ಅದನ್ನು ತೆಗೆಸಬೇಕಾದ್ದು ಕೆಲಸದ ಒತ್ತಡದಲ್ಲಿ ಮರೆತೇ ಹೋಗಿರುತ್ತದೆ.

ಚಿಕ್ಕಮ್ಮ ಈಗ ಚೆನ್ನಾಗಿದ್ದಾರೆ. ಮನೆಗೆ ಬಂದು ಹತ್ತು ದಿನಕ್ಕೆ ಡ್ರೆಸ್ಸಿಂಗ್ ತೆಗೆಸಲು ಹೋದಾಗ ಮಗಳೂ ಜೊತೆಗಿದ್ದಳು. ಡಾಕ್ಟರು ಇರಲಿಲ್ಲ. ನಡುವಯಸ್ಸಿನ ಸಿಸ್ಟರ್ ಒಬ್ಬರು ಗಾಯ ಒರೆಸುತ್ತಿದ್ದರು. ಇವಳು ತಡೆಯಲಾರದೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳಂತೆ. ಸಿಸ್ಟರ್ ತಲೆ ಎತ್ತದೆ, 'ಬರ್ಕೋತೀವಮ್ಮ. ಒಂದು ರಿಜಿಸ್ಟರೇ ಇದೆ. ತಿಂಗಳು ತಿಂಗಳು ಮೇಲಕ್ಕೆ ಕಳಿಸ್ತೀವಿ' ಎಂದರಂತೆ.

'ಮತ್ತೆ?'

'ಮತ್ತೇನು, ಮೇಲಕ್ಕೆ ಹೋಗತ್ತೆ. ಹನ್ನೊಂದು ವರ್ಷ ಆಯ್ತು ನಾನಿಲ್ಲಿಗೆ ಬಂದು. ಒಂದ್ಸಲನೂ ಕೆಳಕ್ಕೆ ಬಂದಿಲ್ಲ.'